‘ಸರಿ ಮಾಡಿಸಲು’ ಮಂಗಳೂರಿಗೆ ಕರೆದೊಯ್ಯುವ ಮೊದಲು ಬರೆದಿಡಬೇಕಾದ ಒಂದು ಬಿಳಿ ಹಾಳೆ

(ದೃಶ್ಯ: ತಲಪಾಡಿ ಗಡಿ, ಮಂಗಳೂರಿಗೆ ಹೋಗುವ ಬಸ್ಸು)

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಮಗನಿಗೆ ಹುಡುಗನ ಮೇಲೆ ಪ್ರೀತಿ ಇದೆ, ಮಗಳೆಂದು ಬೆಳೆಸಿದ ಮಗು ತಾನು ಗಂಡು ಅನ್ನುತ್ತಿದೆ ಎಂದು ತಿಳಿದಾಗಲೂ ಕೆಲವು ಮನೆಯವರು ಅದೇ ಬಸ್ಸು ಹತ್ತಿಸುತ್ತಾರೆ. ಕಾಯಿಲೆಯೇ ಇಲ್ಲದಲ್ಲಿ ಮದ್ದು ಯಾವುದಕ್ಕೆ? ಸಲಿಂಗ ಪ್ರೇಮವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು.

ಆದರೂ ಬಲವಂತದ ದಾಖಲಾತಿಯ ಭಯ ಸುಳ್ಳಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಕಲಂ ಪ್ರಕಾರ, 18 ದಾಟಿದವರನ್ನು ಅವರ ಒಪ್ಪಿಗೆಯಿಲ್ಲದೆ ಸೇರಿಸಲು ತೀವ್ರ ಕಾಯಿಲೆ ಇರಬೇಕು, ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಅರ್ಜಿ ಹಾಕಬೇಕಾದವರು ‘ನಾಮನಿರ್ದೇಶಿತ ಪ್ರತಿನಿಧಿ’, ಅಂದರೆ ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಪರವಾಗಿ ನಿಲ್ಲುವವರು. ನೀವು ಯಾರನ್ನೂ ಹೆಸರಿಸದಿದ್ದರೆ ಆ ಜಾಗಕ್ಕೆ ಬರುವವರು ಸಂಬಂಧಿಕರೇ. ಗಂಟು ಇರುವುದು ಇಲ್ಲಿ.

(ದೃಶ್ಯ: ಹಾಳೆ, ಪೆನ್ನು)

ಬಿಡಿಸುವುದು ಸುಲಭ. ಅದೇ ಕಾಯ್ದೆಯ 14ನೇ ಕಲಂ ಕೇಳುವುದು ಬಿಳಿ ಹಾಳೆಯ ಮೇಲಿನ ಬರಹ, ನಿಮ್ಮ ಸಹಿ ಅಥವಾ ಹೆಬ್ಬೆಟ್ಟು, ಅಷ್ಟೇ. ಸ್ಟಾಂಪ್ ಪೇಪರ್, ನೋಟರಿ ಬೇಡ. “2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಂ ಪ್ರಕಾರ ಇವರು ನನ್ನ ನಾಮನಿರ್ದೇಶಿತ ಪ್ರತಿನಿಧಿ” ಎಂದು ಬರೆದು ಅವರ ಹೆಸರು, ವಿಳಾಸ, ಫೋನ್, ತಾರೀಕು ಹಾಕಿ. ಅವರಿಗೆ 18 ಆಗಿರಬೇಕು. ಅವರು ವೈದ್ಯರಿಗೆ ಲಿಖಿತ ಒಪ್ಪಿಗೆ ಕೊಡಬೇಕಾಗುತ್ತದೆ, ಆ ಪತ್ರಕ್ಕೂ ಈಗಲೇ ಸಹಿ ಹಾಕಿಸಿಡಿ. ಕನ್ನಡದ ಹಾಳೆ ಮಂಗಳೂರಿನಲ್ಲಿ ಸಾಕು. ಕೇರಳದ ಆಸ್ಪತ್ರೆಗಾದರೆ ಜೊತೆಗೆ ಮಲಯಾಳ ಪ್ರತಿ ಇದ್ದರೆ ಒಳ್ಳೆಯದು.

ಕೈಕೊಡುವುದು ಹಾಳೆ ಇಟ್ಟ ಜಾಗ. ಮನೆಯ ಕಪಾಟಿನಲ್ಲಿದ್ದರೆ ಹರಿದುಹೋಗುತ್ತದೆ. ಮೊಬೈಲ್‌ನಲ್ಲಷ್ಟೇ ಇದ್ದರೆ ಮೊದಲು ಕಿತ್ತುಕೊಳ್ಳುವುದೇ ಮೊಬೈಲನ್ನು. ಮೂಲ ಪ್ರತಿ ಪ್ರತಿನಿಧಿಯ ಕೈಯಲ್ಲಿರಲಿ, ಫೋಟೋ ಇನ್ನಿಬ್ಬರ ಬಳಿ ಇರಲಿ.

18 ತುಂಬದವರಿಗೆ ಪ್ರತಿನಿಧಿ ಕಾನೂನುಬದ್ಧ ಪೋಷಕರೇ, ಸಾಮಾನ್ಯವಾಗಿ ತಂದೆತಾಯಿ. ಅವರು ಮಗುವಿನ ಹಿತಕ್ಕೆ ನಡೆಯದಿದ್ದರೆ ಇದೇ ಕಾಯ್ದೆಯಡಿ ದೂರು ಕೇಳುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ ಪ್ರತಿನಿಧಿಯನ್ನು ಬದಲಿಸಬಹುದು. ಒಮ್ಮೆ ಸೇರಿಸಿಬಿಟ್ಟಿದ್ದರೆ ದೂರು ಹೋಗಬೇಕಾದದ್ದೂ ಆ ಮಂಡಳಿಗೇ, 7 ದಿನದೊಳಗೆ ತೀರ್ಮಾನವಾಗಬೇಕು. ಆಸ್ಪತ್ರೆ ಮಂಗಳೂರಿನದಾದರೆ ಕರ್ನಾಟಕದ ಮಂಡಳಿ. ಕಾಸರಗೋಡಿನಲ್ಲಿ ಅರ್ಜಿ ಕೊಟ್ಟು ಕಾದರೆ ದಿನಗಳು ಸುಮ್ಮನೆ ಕಳೆಯುತ್ತವೆ. ಉಚಿತ ಕಾನೂನು ನೆರವಿಗೆ 15100.

ಮಂತ್ರವಾದಿಯ ಮನೆಯಲ್ಲೋ ಹೆಸರಿಗಷ್ಟೇ ‘ಕೌನ್ಸೆಲಿಂಗ್’ ಆಗಿರುವ ಕೋಣೆಯಲ್ಲೋ ಈ ಹಾಳೆ ನಡೆಯದು. ಅಲ್ಲಿ ಕೂಡಿಹಾಕಿದರೆ ಅದು ಅಪರಾಧ. 112ಕ್ಕೆ ಕರೆ ಮಾಡಿ, ಮೊದಲು ಸ್ಥಳದ ಹೆಸರು ಹೇಳಿ.