ಎರಡು ಜಾಕ್, ಎರಡು ಬೆಲ್ ಸ್ವಿಚ್

ಕೇಳುಗರೇ, ನಮಸ್ಕಾರ.

ತೀರ್ಥಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ 11 ವರ್ಷದ ಹುಡುಗನಿದ್ದಾನೆ. ಅವನಿಗೆ ಹುಟ್ಟಿನಿಂದಲೇ ಬಲಗೈ ಬೆರಳು ಮಡಚಲು ಬರುವುದಿಲ್ಲ. ಅಣ್ಣ ಟೀವಿ ಗೇಮ್ ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದ, ಅಷ್ಟೇ. ಕಳೆದ ಮಳೆಗಾಲದಲ್ಲಿ ಒಂದು ದಿನ ಅದರ ಕಂಟ್ರೋಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ ಬಟನ್ ಪೆಟ್ಟಿಗೆ, ತಂದು ನನ್ನ ಮೇಜಿನ ಮೇಲಿಟ್ಟ. "ಇದರ ಎ ಬಟನ್ ಮೊಣಕೈಯಲ್ಲಿ ಒತ್ತೋ ಹಾಗೆ ಮಾಡ್ಕೊಡ್ತೀರಾ, ಮಾವ?" ಅಂದ.

ನಾನು ರೇಡಿಯೋ, ಟೀವಿ ರಿಪೇರಿ ಮಾಡುವವನು. ಇಂಥ ಕೆಲಸ ಯಾರೂ ತಂದಿರಲಿಲ್ಲ. ಆವತ್ತು ಬೇರೆ ಕೆಲಸವೆಲ್ಲ ಬದಿಗಿಟ್ಟೆ.

ಅವರ ಟೀವಿ ಗೇಮ್ 8 ಬಿಟ್‌ನ ಅಗ್ಗದ ಯಂತ್ರ. 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರದ ನಕಲು. ಕಂಟ್ರೋಲರ್ ಮೇಲೆ 8 ಬಟನ್. ಯಂತ್ರಕ್ಕೆ ಹೋಗುವ ವೈರ್ ಮಾತ್ರ ಐದೇ. ಇದು ಹೇಗೆ ಸಾಲುತ್ತದೆ? ಶಾಲೆಯಲ್ಲಿ ಹಾಜರಿ ಕೂಗುತ್ತಾರಲ್ಲ, ಹಾಗೆ. ಒಳಗೊಂದು ಚಿಪ್ ಇದೆ. ನಿಂಟೆಂಡೊ ಇದಕ್ಕೆ 4021 ಎಂಬ ಚಿಪ್ ಬಳಸಿತ್ತು. ಯಂತ್ರ "ಈಗ ನೋಡು" ಎಂದಾಗ ಅದು ಎಂಟೂ ಬಟನ್ ಒಟ್ಟಿಗೆ ನೋಡಿಕೊಳ್ಳುತ್ತದೆ. ಆಮೇಲೆ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ನಾಲ್ಕು ದಿಕ್ಕು ಎಂದು ಒಂದೊಂದಾಗಿ ಒಂದೇ ವೈರಿನಲ್ಲಿ ಹೇಳುತ್ತದೆ.

ಬಟನ್ ಅಂದರೆ ಒಳಗಿನ ಬೋರ್ಡಿನ ಮೇಲೆ ಕರೆಂಟ್ ಹರಿಯುವ ಎರಡು ಗೆರೆ ಕೂಡುವುದು, ಇನ್ನೇನಿಲ್ಲ. ಕೂಡಿಸಿದ್ದು ಬೆರಳೋ ಮೊಣಕೈಯೋ ಚಿಪ್‌ಗೆ ಗೊತ್ತಾಗುವುದಿಲ್ಲ. ಹಾಗಾಗಿ ಹಳೆ ಬಟನ್ ಹಾಗೇ ಇರಲಿ, ಅದರ ಜೊತೆಗೇ ಇನ್ನೊಂದು ಸ್ವಿಚ್ ಸೇರಿಸಿದರಾಯಿತು. ಯಂತ್ರ ಬಿಚ್ಚಬೇಕಾಗಿಲ್ಲ. ಮೈಕ್ರೋಸಾಫ್ಟ್ 2018ರಲ್ಲಿ ಕೈಕಾಲಿನ ತೊಂದರೆ ಇರುವವರಿಗಾಗಿಯೇ ತಂದ ಕಂಟ್ರೋಲರ್‌ನಲ್ಲೂ ಇದೇ ದಾರಿ. ಹೊರಗಿನ ಸ್ವಿಚ್ ಸಿಕ್ಕಿಸಲು ಅದರಲ್ಲಿ 3.5 ಮಿಲಿಮೀಟರಿನ 19 ಜಾಕ್ ಇವೆ. ನಮ್ಮ ಇಯರ್‌ಫೋನ್ ಸಿಕ್ಕಿಸುವ ಅಳತೆಯೇ ಅದು.

ನಮಗೆ ಎರಡು ಸಾಕಿತ್ತು, ಎ ಮತ್ತು ಬಿ. ಎಡಗೈ ಚೆನ್ನಾಗಿರುವುದರಿಂದ ಉಳಿದದ್ದನ್ನೆಲ್ಲ ಅವನೇ ಒತ್ತುತ್ತಾನೆ.

ಬಟನ್ ಕೆಳಗಿನ ಕಪ್ಪು ಗೆರೆಗೆ ಬೆಸುಗೆ ಹಿಡಿಯುವುದಿಲ್ಲ, ಅದು ಕಾರ್ಬನ್. ಅಲ್ಲಿಂದ ಹೊರಡುವ ಗೆರೆ ಹುಡುಕಿ, ಹಸಿರು ಬಣ್ಣವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ತಾಮ್ರ ಕಂಡಲ್ಲಿ ತೆಳು ವೈರ್ ಹಚ್ಚಿ, ಅದರ ಇನ್ನೊಂದು ತುದಿಯನ್ನು ಜಾಕಿಗೆ ಕೊಟ್ಟೆ. ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಹೋಗುವ ಗೆರೆ, ಎರಡೂ ಜಾಕಿಗೆ ಒಂದೇ. ಮೊದಲು ಜಾಕನ್ನು ಸುಮ್ನೆ ಅಂಟು ಹಾಕಿ ನಿಲ್ಲಿಸಿದ್ದೆ. ಅದು ತಪ್ಪು. ತಿಂಗಳೊಳಗೆ ಹುಡುಗನ ಕಾಲಿಗೆ ವೈರ್ ಸಿಕ್ಕಿ ಜಾಕ್ ಕಿತ್ತು ಬಂತು, ಬೋರ್ಡಿನ ತಾಮ್ರದ ಗೆರೆಯೂ ಅದರ ಜೊತೆ ಎದ್ದಿತು. ನನಗೆ ತುಂಬಾ ಬೇಜಾರಾಯಿತು. ಎರಡನೇ ಸಲ ನಟ್ ಇರುವ ಜಾಕ್ ತಂದೆ. ಸಣ್ಣ ತೂತು ಮೊದಲು, ಆಮೇಲೆ ಅರದಲ್ಲಿ ಉಜ್ಜಿ 6 ಮಿಲಿಮೀಟರ್ ಮಾಡಿದೆ. ಈಗ ಎಳೆತ ಬಿದ್ದರೆ ಪ್ಲಾಸ್ಟಿಕ್ ಮೈ ತಡೆಯುತ್ತದೆ, ಬೆಸುಗೆಗೆ ಏನೂ ಆಗುವುದಿಲ್ಲ. ಒಳಗಿನ ವೈರ್ ಸ್ವಲ್ಪ ಸಡಿಲ ಬಿಡಿ, ಮರೆಯಬೇಡಿ.

ಸ್ವಿಚ್ ಯಾವುದು ಗೊತ್ತಾ? ಮನೆ ಬಾಗಿಲಿನ ಬೆಲ್ ಸ್ವಿಚ್! ಒತ್ತಿದಾಗ ಕೂಡುತ್ತದೆ, ಬಿಟ್ಟರೆ ಬಿಡುತ್ತದೆ. ದೀಪದ ಸ್ವಿಚ್ ಹಾಕಿದರೆ ಬಟನ್ ಒತ್ತಿದಂತೆಯೇ ಉಳಿಯುತ್ತದೆ, ಆಟದವನು ಹೇಳಿದಂತೆ ಕುಣಿಯುವುದಿಲ್ಲ. ಒಂದನ್ನು ಹಲಸಿನ ಹಲಗೆಗೆ ಕೂರಿಸಿ ಮೊಣಕೈ ಹತ್ತಿರ ಇಟ್ಟೆವು, ಇನ್ನೊಂದನ್ನು ಕಾಲಡಿಗೆ. ನಮ್ಮ ಕಡೆಯ ಮಳೆಗೆ ಒಳಗಿನ ಹಿತ್ತಾಳೆ ಕಿಲುಬು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಉಜ್ಜಬೇಕು.

ಹೋದ ವಾರ ಮತ್ತೆ ಬಂದಿದ್ದ. ಕಾಲಿನ ಸ್ವಿಚ್ಚಿನ ವೈರ್ ಗಿಡ್ಡ ಆಯ್ತಂತೆ. ಯಾಕೋ ಅಂದೆ. ಈಗ ಇಬ್ಬರೂ ಒಟ್ಟಿಗೆ ಆಡ್ತಾರಂತೆ, ಬೆಂಚಿನ ಮೇಲೆ ಅಣ್ಣನ ಪಕ್ಕ ಕೂರಬೇಕಂತೆ. ಜಾಕ್ ಇದೆಯಲ್ಲ, ಕಂಟ್ರೋಲರ್ ಬಿಚ್ಚುವ ಕೆಲಸವೇ ಇಲ್ಲ. ಮೂರು ಮೀಟರ್ ವೈರ್ ಕತ್ತರಿಸಿ ಇಟ್ಟಿದ್ದೇನೆ. ಇವತ್ತು ಮನೆಗೆ ಹೋದವನೇ ಪಿನ್ ಹಾಕಿಕೊಡಬೇಕು. ನಮಸ್ಕಾರ.