ಆಟಿಯ ಮಳೆಗೂ ಕೊಳೆಯದ ಕೋನ್‌ಫ್ಲವರ್

(ದೃಶ್ಯ: ಫೋನಿನಲ್ಲಿ ಹಳೆಯ ಫೋಟೊ, ಬುಡ ಕಪ್ಪಾದ ಗಿಡ)

ನಮಸ್ಕಾರ. ಫೋಟೊದಲ್ಲಿರುವುದು ನನ್ನ ಮೊದಲ ಕೋನ್‌ಫ್ಲವರ್, ಅಂದರೆ ಎಕಿನೇಸಿಯ ಅನ್ನುವ ಹೂಗಿಡ. ಮೇ ತಿಂಗಳಲ್ಲಿ ನೆಟ್ಟಿದ್ದೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಜೋರು ಮಳೆಯಲ್ಲಿ, ಎಲೆ ಬಾಡಿತು. ಗೊಬ್ಬರ ಸಾಲದೇನೋ ಅಂತ ಬುಡಕ್ಕೆ ಒಂದು ಬುಟ್ಟಿ ಹಟ್ಟಿಗೊಬ್ಬರ ಸುರಿದೆ. ವಾರ ಕಳೆದು ಎಳೆದರೆ ಸಲೀಸಾಗಿ ಕೈಗೇ ಬಂತು. ಬುಡವೆಲ್ಲ ಲೋಳೆ.

ಇದು ಉತ್ತರ ಅಮೆರಿಕದ ಬಯಲು ಹುಲ್ಲುಗಾವಲಿನ ಗಿಡ. ಹಿಮ ಬಿದ್ದರೂ ತಡೆದುಕೊಳ್ಳುತ್ತದೆ, ಬುಡದಲ್ಲಿ ನೀರು ನಿಂತರೆ ಮಾತ್ರ ಆಗದು. ನಮ್ಮ ಕಾಸರಗೋಡಿನಲ್ಲೋ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ.

(ದೃಶ್ಯ: ಅಂಗಳದ ಬದಿಯ ಎತ್ತರದ ಜಾಗ)

ಅಡಿಕೆ ತೋಟದ ಬದಿ ಬೇಡ. ಅಲ್ಲಿ ನೆರಳು, ತೇವ ಎರಡೂ ಇದೆ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಕಡೆ ಒಂದಡಿ ಎತ್ತರಕ್ಕೆ ಮಣ್ಣು ಏರಿಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಹೊಯಿಗೆ (ಮರಳು), ಹಿಡಿಯಷ್ಟು ಹಳೆ ಗೊಬ್ಬರ. ಕಡಲ ಬದಿಯ ಹೊಯಿಗೆ ತರಬೇಡಿ, ಉಪ್ಪಿರುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ, ಗಾಳಿ ಆಡಬೇಕು. ತರಗೆಲೆ ಹೊದಿಸುವುದಾದರೆ ಬುಡಕ್ಕೆ ತಾಗದ ಹಾಗೆ ಹೊದಿಸಿ.

ಕುಂಡದಲ್ಲಾದರೆ ತಳಕ್ಕೆ ಜಲ್ಲಿ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಾನೂ ಹಾಕುತ್ತಿದ್ದೆ. ಸುಮ್ನೆ ದಂಡ. ನುಣ್ಣನೆ ಮಣ್ಣಿನ ನೀರು ಜಲ್ಲಿಗೆ ಸುಲಭದಲ್ಲಿ ಇಳಿಯುವುದಿಲ್ಲ, ಅದರ ಮೇಲೆಯೇ ನಿಂತುಬಿಡುತ್ತದೆ. ಬೇರಿಗೆ ಇನ್ನೂ ಹತ್ತಿರ ಬಂದ ಹಾಗಾಯಿತು. ಅದರ ಬದಲು ಪೂರ್ತಿ ಮಣ್ಣಿಗೇ ಹೊಯಿಗೆ ಬೆರೆಸಿ, ಕುಂಡವನ್ನು ಎರಡು ತುಂಡು ಮುರಕಲ್ಲಿನ ಮೇಲೆ ಇಡಿ.

(ದೃಶ್ಯ: ಬೀಜದ ಟ್ರೇ)

ಮೇ ತಿಂಗಳಲ್ಲಿ ನೆಟ್ಟದ್ದೇ ನನ್ನ ದೊಡ್ಡ ತಪ್ಪು. ಬೀಜವನ್ನು ಒದ್ದೆ ಹೊಯಿಗೆಯಲ್ಲಿ ಬೆರೆಸಿ ನಾಲ್ಕು ವಾರ ಫ್ರಿಜ್‌ನಲ್ಲಿಟ್ಟರೆ ಚೆನ್ನಾಗಿ ಮೊಳೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಜಗಲಿಯಲ್ಲಿ ಬಿತ್ತಿ. ಹಿಂಗಾರಿನ ಗುಡುಗುಮಳೆ ಕಡಿಮೆಯಾದ ಮೇಲೆ ಹೊರಗೆ ನೆಡಿ.

ಗಿಡ ಬಂತು, ಎಲೆ ಬಂತು, ಹೂವೇ ಇಲ್ಲ ಅನ್ನುವವರಿಗೆ ಒಂದು ಮಾತು. ಇದಕ್ಕೆ ಹೂ ಬಿಡಲು ಉದ್ದ ಹಗಲು ಬೇಕು. ಅದರ ಊರಿನಲ್ಲಿ ಬೇಸಿಗೆಯ ಹಗಲು 14 ಗಂಟೆ ದಾಟುತ್ತದೆ. ನಮ್ಮಲ್ಲಿ ಜೂನ್‌ನಲ್ಲೂ 13 ಗಂಟೆ ತುಂಬುವುದಿಲ್ಲ. ಚಳಿಗಾಲದಲ್ಲಂತೂ ಇನ್ನೂ ಕಡಿಮೆ. ಹಾಗಾಗಿ ಗಿಡ ದೊಡ್ಡದಾದ ಮೇಲೆ ರಾತ್ರಿ 10ರಿಂದ 2ರವರೆಗೆ ಹತ್ತಿರ ಒಂದು ಎಲ್‌ಇಡಿ ಬಲ್ಬ್ ಉರಿಸಿ. ನಡುರಾತ್ರಿ ಬೆಳಕು ಬಿದ್ದರೆ ಗಿಡ ಅದನ್ನು ಚಿಕ್ಕ ರಾತ್ರಿ ಅಂತ ತಿಳಿಯುತ್ತದೆ. ಹೂಬೆಳೆಗಾರರು ಮಾಡುವುದೂ ಇದನ್ನೇ. ಪಕ್ಕದ ಮನೆಯವರು ಕೇಳುತ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ.

ಮಳೆಗಾಲಕ್ಕೆ ಮೊದಲು ಕುಂಡಗಳನ್ನು ಮಾಡಿನ ಅಡಿಗೆ ತನ್ನಿ. ಮಣ್ಣು ಒಣಗಿದರೆ ಮಾತ್ರ ನೀರು. ಇಷ್ಟು ಮಾಡಿಯೂ ಕೆಲವು ಹೋಗುತ್ತವೆ. ಅದಕ್ಕೇ ನಾನು ಪ್ರತಿ ವರ್ಷ ಬೀಜ ತೆಗೆದಿಡುತ್ತೇನೆ.

(ದೃಶ್ಯ: ಒಣಗಿದ ಹೂವಿನ ತಲೆ)

ಅಯ್ಯೋ! ನೋಡಿದಿರಾ, ಚುಚ್ಚಿತು. ಎಕಿನೇಸಿಯ ಅನ್ನುವ ಹೆಸರು ಬಂದದ್ದೇ ಮುಳ್ಳಿಲಿಗೆ ಹೇಳುವ ಗ್ರೀಕ್ ಪದದಿಂದ. ಬೀಜದ ಈ ಡಬ್ಬಿ ಇನ್ನು ಫ್ರಿಜ್‌ಗೆ. ಮೇಲೆ ದೊಡ್ಡದಾಗಿ 'ಜೀರಿಗೆ ಅಲ್ಲ' ಅಂತ ಬರೆದಿದ್ದೇನೆ.