ಗರ್ಭಿಣಿಯರಲ್ಲಿ ಲೈಮ್ ಕಾಯಿಲೆ: ಮಾತ್ರೆಯನ್ನು ನಡುವೆ ನಿಲ್ಲಿಸಬಾರದೇಕೆ?

ಸಭೆಯಲ್ಲಿರುವ ಹಿರಿಯರಿಗೂ, ತಾಯಂದಿರಿಗೂ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬಂದಿರುವ ಆಶಾ ಕಾರ್ಯಕರ್ತೆಯರಿಗೂ ನಮಸ್ಕಾರ.

ಶಿರಸಿಯಲ್ಲಿ ನಿಂತು ಅಮೆರಿಕದಲ್ಲಿ ಉಣುಗು ಕಚ್ಚಿ ಹರಡುವ ಲೈಮ್ ಎಂಬ ಕಾಯಿಲೆಯ ಬಗ್ಗೆ ಮಾತನಾಡುವುದಕ್ಕೆ ಕಾರಣವಿದೆ. ನಮ್ಮ ಘಟ್ಟದ ಮೇಲಿನ ಎಷ್ಟೋ ತೋಟದ ಮನೆಗಳ ಮಗಳೋ ಸೊಸೆಯೋ ಇಂದು ಬಾಸ್ಟನ್, ನ್ಯೂಜೆರ್ಸಿ, ಕನೆಕ್ಟಿಕಟ್ ಕಡೆ ಇದ್ದಾರೆ. ಅವರು ಬಸುರಿಯಾದಾಗ ಅಲ್ಲಿನ ವೈದ್ಯರು ಹೇಳಿದ್ದು ಅದೇ ರಾತ್ರಿ ಫೋನಿನಲ್ಲಿ ಇಲ್ಲಿಗೆ ಬರುತ್ತದೆ. ಇಲ್ಲಿನ ಅಮ್ಮ ಹೇಳಿದ ಮಾತು ಮರುದಿನ ಅಲ್ಲಿ ನಡೆಯುತ್ತದೆ. ಪ್ರಸೂತಿ ವೈದ್ಯೆಯಾಗಿ ನಾನು ಇಂತಹ ಫೋನುಗಳ ನಡುವೆ ಎಷ್ಟೋ ಸಲ ಸಿಕ್ಕಿಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತಮ್ಮ ಮಗಳ ಕಾಲಿನ ಫೋಟೋ ಒಂದನ್ನು ನನಗೆ ತೋರಿಸಿದರು. ಮಗಳಿಗೆ ಆಗ ಐದನೆಯ ತಿಂಗಳು. ಮೊಣಕಾಲಿನ ಹಿಂಭಾಗದಲ್ಲಿ ಅಂಗೈಯಗಲದ ಕಲೆ. ನಮ್ಮ ಮೈಬಣ್ಣದ ಮೇಲೆ ಅದು ಕೆಂಪಾಗಿ ಕಾಣದೆ, ಪೆಟ್ಟು ಬಿದ್ದು ಕಂದಿದ ಹಾಗೆ ಕಾಣುತ್ತಿತ್ತು. ನಾನು ಅದನ್ನು ಹುಳುಕಡ್ಡಿ ಎಂದುಕೊಂಡೆ, ಮುಲಾಮು ಹಚ್ಚಿದರೆ ಸಾಕು ಎಂದೂ ಹೇಳಿದೆ. ಆ ಹುಡುಗಿ ನನಗಿಂತ ಜಾಣೆ. ಕಲೆಯ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದಳು. ಎರಡು ದಿನ ಕಳೆದು ಬಂದ ಎರಡನೆಯ ಫೋಟೋದಲ್ಲಿ ಕಲೆ ಆ ನೀಲಿ ಗೆರೆಯನ್ನು ದಾಟಿ ಎರಡು ಬೆರಳಿನಷ್ಟು ಮುಂದೆ ಹೋಗಿತ್ತು. ತುರಿಕೆಯಿಲ್ಲ, ನೋವಿಲ್ಲ. ಅಲ್ಲಿನ ವೈದ್ಯರು ನೋಡಿದ ಕೂಡಲೇ ಲೈಮ್ ಎಂದು ಗುರುತಿಸಿ, ರಕ್ತಪರೀಕ್ಷೆಗೂ ಕಾಯದೆ ಹದಿನಾಲ್ಕು ದಿನಗಳ ಅಮಾಕ್ಸಿಸಿಲಿನ್ ಶುರುಮಾಡಿದರು. ಐದನೆಯ ದಿನ ತಾಯಿ ಮತ್ತೆ ನನ್ನ ಬಳಿ ಬಂದರು. "ಡಾಕ್ಟ್ರೇ, ಬಸುರಿಗೆ ಅಷ್ಟು ದಿನ ಆಂಟಿಬಯಾಟಿಕ್ ಕೊಟ್ಟರೆ ಉಷ್ಣ ಆಗಿ ಮಗುವಿಗೆ ತೊಂದರೆಯಾಗೋದಿಲ್ವಾ? ಕಲೆ ಕಡಿಮೆಯಾಗಿದೆಯಂತೆ, ನಿಲ್ಲಿಸು ಅಂತ ಹೇಳಿದ್ದೇನೆ" ಎಂದರು. ಇಂದು ನಾನು ಹೇಳಬೇಕೆಂದಿರುವುದೆಲ್ಲ ಆ ತಾಯಿಗೆ ಅಂದು ಕೊಟ್ಟ ಉತ್ತರದ ವಿಸ್ತಾರ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಉಣುಗು ಎಂದ ಕೂಡಲೇ ನಮಗೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ಕಾಯಿಲೆ ಸಿದ್ದಾಪುರದ ಊರುಗಳಿಗೆ ಕೊಟ್ಟ ದುಃಖವನ್ನು ಇಲ್ಲಿರುವ ಅನೇಕರು ಕಣ್ಣಾರೆ ಕಂಡವರು. ಅದು ವೈರಸ್ಸಿನಿಂದ ಬರುವ ಜ್ವರ; ಅದನ್ನು ನೇರವಾಗಿ ಕೊಲ್ಲುವ ಮಾತ್ರೆ ನಮ್ಮ ಕೈಯಲ್ಲಿಲ್ಲ, ರೋಗಿಯನ್ನು ಆರೈಕೆಯಿಂದಲೇ ದಾಟಿಸಬೇಕು. ಲೈಮ್ ಬರುವುದು ಬೊರೆಲಿಯಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾದಿಂದ, ಅದೂ ಬೇರೆ ಜಾತಿಯ ಉಣುಗಿನ ಮೂಲಕ. ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಸುತ್ತಮುತ್ತ 1975ರ ಹೊತ್ತಿಗೆ ಅನೇಕ ಮಕ್ಕಳಿಗೆ ಕೀಲು ಬಾವು ಬಂದದ್ದನ್ನು ತಾಯಂದಿರೇ ಗಮನಿಸಿ ದೂರಿದ್ದರಿಂದ ಇದರ ಹುಡುಕಾಟ ಆರಂಭವಾಯಿತು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣುಗಿನ ಹೊಟ್ಟೆಯೊಳಗೆ ಈ ಜೀವಿಯನ್ನು ಕಂಡುಹಿಡಿದರು. ಬ್ಯಾಕ್ಟೀರಿಯಾ ಆದ್ದರಿಂದ ಇದಕ್ಕೆ ಮದ್ದಿದೆ. ಮಂಗನ ಕಾಯಿಲೆಯ ಮುಂದೆ ನಾವು ಅನುಭವಿಸುವ ಅಸಹಾಯಕತೆಯನ್ನು ಲೈಮ್‌ನ ಮುಂದೆಯೂ ಅನುಭವಿಸಬೇಕಾಗಿಲ್ಲ.

ಹಾಗಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯವಿದೆಯೆ? ಚಿಕಿತ್ಸೆ ಕೊಡದೆ ಬಿಟ್ಟರೆ ಇದೆ. ಬೊರೆಲಿಯಾ ರಕ್ತದ ಮೂಲಕ ಮಾಸಿಗೆ ಸೇರಬಲ್ಲದು, ಗರ್ಭದಲ್ಲೇ ಮಗು ತೀರಿಕೊಳ್ಳುವ ಸಾಧ್ಯತೆಯೂ ಉಂಟು. 1985ರಲ್ಲಿ ತಾಯಿಯಿಂದ ಮಗುವಿಗೆ ಇದು ದಾಟಿದ ಪ್ರಕರಣವೊಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಜಗತ್ತಿನಾದ್ಯಂತ ಗರ್ಭಿಣಿಯರಲ್ಲಿ ಆತಂಕ ಹರಡಿತು. ಆದರೆ ಆಮೇಲಿನ ವರ್ಷಗಳಲ್ಲಿ, ಲೈಮ್‌ನಿಂದಲೇ ಮಗುವಿಗೆ ಇಂಥದ್ದೇ ಅಂಗವೈಕಲ್ಯ ಬರುತ್ತದೆ ಎಂಬ ಖಚಿತ ಚಿತ್ರಣ ಯಾವುದೂ ಸಿಗಲಿಲ್ಲ. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ಚಿಕಿತ್ಸೆ ಪಡೆದ ತಾಯಂದಿರ ಪೈಕಿ ಶೇಕಡಾ 11ರಷ್ಟು ಮಂದಿಯಲ್ಲಿಯೂ, ಪಡೆಯದವರ ಪೈಕಿ ಶೇಕಡಾ 50ರಷ್ಟು ಮಂದಿಯಲ್ಲಿಯೂ ಬಸಿರಿಗೆ ಸಂಬಂಧಿಸಿದ ತೊಡಕುಗಳು ಕಂಡುಬಂದಿದ್ದವು. ಆ ಅಧ್ಯಯನಗಳು ಚಿಕ್ಕವು, ಎಲ್ಲ ತೊಡಕುಗಳಿಗೂ ಲೈಮ್ ಒಂದೇ ಕಾರಣವೆನ್ನಲಾಗದು. ಆದರೂ ಮಾತ್ರೆಗೆ ಹೆದರುವ ತಾಯಿಯ ಮುಂದೆ ನಾನು ಇಡುವುದು ಈ ಎರಡು ಅಂಕಿಗಳನ್ನೇ.

ಈಗ ಮಾತ್ರೆಯ ವಿಷಯ. ಲೈಮ್‌ಗೆ ಉಳಿದವರಿಗೆಲ್ಲ ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್. ಗರ್ಭಿಣಿಯರಲ್ಲಿ ಅದನ್ನು ದೂರವಿಡುತ್ತೇವೆ, ಏಕೆಂದರೆ ಆ ಗುಂಪಿನ ಔಷಧಿಗಳು ಕ್ಯಾಲ್ಸಿಯಂ ಜೊತೆ ಬೆರೆತು ಮಗುವಿನ ಬೆಳೆಯುವ ಹಲ್ಲು ಮತ್ತು ಎಲುಬಿನಲ್ಲಿ ಕೂರುತ್ತವೆ, ಹಲ್ಲು ಶಾಶ್ವತವಾಗಿ ಬಣ್ಣಗೆಡಬಹುದು. ಅದರ ಬದಲಿಗೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ, ಇಲ್ಲವೆ ಸೆಫುರಾಕ್ಸಿಮ್ 500 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಹದಿನಾಲ್ಕು ದಿನ. ಅಮಾಕ್ಸಿಸಿಲಿನ್ ನಮಗೆ ಹೊಸದಲ್ಲ; ಬಸುರಿಯರ ಮೂತ್ರದ ಸೋಂಕಿಗೆ ಇದೇ ಶಿರಸಿಯಲ್ಲಿ ನಾವು ಬಹಳ ಕಾಲದಿಂದ ಕೊಡುತ್ತಿರುವ ಮದ್ದು ಅದು. ಪೆನ್ಸಿಲಿನ್ ಆಗಿಬರುವುದಿಲ್ಲ ಎನ್ನುವವರು ಅದು ಬರೀ ವಾಂತಿಯೇ, ಮೈಮೇಲೆ ಗಂದೆ ಎದ್ದಿತ್ತೇ, ಉಸಿರು ಕಟ್ಟಿತ್ತೇ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ನಿಜವಾದ ಅಲರ್ಜಿ ಇದ್ದವರಿಗೆ ಅಜಿತ್ರೋಮೈಸಿನ್ ಕೊಡಬಹುದಾದರೂ ಅದರ ಪ್ರಭಾವ ಸ್ವಲ್ಪ ಕಡಿಮೆ. ಹಾಗಾಗಿ ಅಂಥವರ ಮೇಲೆ ಹೆಚ್ಚು ನಿಗಾ ಬೇಕಾಗುತ್ತದೆ.

ಆ ತಾಯಿಯ ಪ್ರಶ್ನೆ ಇದ್ದದ್ದು ಅವಧಿಯ ಬಗ್ಗೆ. ಕಲೆ ಮಾಸುವುದು ಬೇಗ. ಮಾಸಿದ ಮಾತ್ರಕ್ಕೆ ಮೈಯೊಳಗಿನ ಬೊರೆಲಿಯಾ ಪೂರ್ತಿ ಸತ್ತಿದೆ ಎನ್ನುವಂತಿಲ್ಲ. ಅದೂ ಅಲ್ಲದೆ ಬಸಿರಿನಲ್ಲಿ ಮೂತ್ರಪಿಂಡಗಳಿಗೆ ರಕ್ತ ಹೆಚ್ಚು ಹರಿಯುವುದರಿಂದ ಅಮಾಕ್ಸಿಸಿಲಿನ್ ಬೇಗನೆ ಹೊರಗೆ ಹೋಗಿಬಿಡುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಹೊತ್ತಿನಲ್ಲಿ ಒಂದನ್ನು ಬಿಟ್ಟರೂ ನಷ್ಟ ಅಲ್ಲಿಯೇ. ಹೊಟ್ಟೆ ತೊಳಸಿದರೆ ಒಂದಿಷ್ಟು ಗಂಜಿ ಕುಡಿದು ನುಂಗಲಿ. ನುಂಗಿದ ಕೂಡಲೇ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕೇ ಎಂದು ವೈದ್ಯರನ್ನು ಕೇಳಲಿ. "ಉಷ್ಣ" ಎಂದು ನಾವು ಕರೆಯುವುದರಲ್ಲಿ ಬಾಯಿ ಹುಣ್ಣು, ಬೇಧಿ, ಬಿಳಿಸೆರಗು ಎಲ್ಲವೂ ಸೇರಿರುತ್ತವೆ. ಇವು ಆಗಬಹುದು, ಇವಕ್ಕೆ ಪರಿಹಾರವೂ ಇದೆ. ಮಜ್ಜಿಗೆ ಕುಡಿಯಬಾರದೆಂದೇನೂ ಇಲ್ಲ. ಇವನ್ನು ತಾಳಿಕೊಳ್ಳುವುದು ಕಷ್ಟವೆಂದು ನನಗೂ ಗೊತ್ತು, ಆದರೂ ಮಾತ್ರೆಯನ್ನು ತಾನಾಗಿ ನಿಲ್ಲಿಸಲು ಇವು ಕಾರಣವಾಗಬಾರದು.

ಇನ್ನೊಂದನ್ನು ಮೊದಲೇ ತಿಳಿಸಿಡದಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ಮೊದಲ ಗುಳಿಗೆ ನುಂಗಿದ ಇಪ್ಪತ್ನಾಲ್ಕು ಗಂಟೆಯೊಳಗೆ ಕೆಲವರಿಗೆ ಚಳಿ, ಜ್ವರ, ಮೈಕೈ ನೋವು ಹೆಚ್ಚಾಗುತ್ತದೆ. ಬ್ಯಾಕ್ಟೀರಿಯಾಗಳು ಒಟ್ಟಿಗೆ ಸಾಯುವಾಗ ದೇಹ ತೋರಿಸುವ ಪ್ರತಿಕ್ರಿಯೆ ಅದು. "ಮದ್ದೇ ಆಗಿಬರಲಿಲ್ಲ" ಎಂದು ಅಲ್ಲಿಯೇ ಬಿಟ್ಟವರೂ ಇದ್ದಾರೆ. ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿಯಿಂದ ಅದು ಒಂದು ದಿನದಲ್ಲಿ ಇಳಿಯುತ್ತದೆ. ಹೊಟ್ಟೆ ಬಿಗಿದು ನೋವು ಬಂದರೆ ಅಥವಾ ಮಗುವಿನ ಮಿಸುಕಾಟ ಕಡಿಮೆಯಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮುಖದ ಒಂದು ಬದಿ ಜೋಲುಬಿದ್ದರೆ, ಕುತ್ತಿಗೆ ಬಿಗಿದು ತಲೆ ಸಿಡಿದರೆ, ತಲೆಸುತ್ತಿ ನಾಡಿ ನಿಧಾನವಾದರೆ ಸೋಂಕು ನರಕ್ಕೋ ಹೃದಯಕ್ಕೋ ಇಳಿದಿರಬಹುದು. ಆಗ ಗುಳಿಗೆ ಸಾಲದು. ರಕ್ತನಾಳದ ಮೂಲಕ ಸೆಫ್ಟ್ರಿಯಾಕ್ಸೋನ್ ಕೊಡುತ್ತಾರೆ, ಹೃದಯದ ತೊಂದರೆಯಾದರೆ ದಾಖಲಾಗಬೇಕು.

ರಕ್ತಪರೀಕ್ಷೆಯ ಬಗ್ಗೆ ಫೋನಿನಲ್ಲಿ ಬಹಳ ಚರ್ಚೆ ನಡೆಯುತ್ತದೆ. ಈ ಪರೀಕ್ಷೆ ಹುಡುಕುವುದು ರೋಗಾಣುವಿನ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ತಯಾರಾಗಲು ಕೆಲವು ವಾರ ಬೇಕು, ಆದ್ದರಿಂದ ಹರಡುವ ಕಲೆ ಎದುರಿಗಿದ್ದಾಗ "ನೆಗೆಟಿವ್" ಎಂದು ಬಂದರೆ ನಂಬುವಂತಿಲ್ಲ. ಒಮ್ಮೆ ತಯಾರಾದ ಮೇಲೆ ಅವೇ ವರ್ಷಗಟ್ಟಲೆ ಉಳಿಯುತ್ತವೆ. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂತೆಂದು ತಿಂಗಳುಗಟ್ಟಲೆ ಆಂಟಿಬಯಾಟಿಕ್ ತಿನ್ನಿಸುವುದು ಬಸುರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಉಣುಗು ಕಚ್ಚಿದ ಕೂಡಲೇ ಏನು ಮಾಡಬೇಕು? ಸೀಮೆಎಣ್ಣೆ, ಸುಣ್ಣ, ಉರಿದ ಬೆಂಕಿಕಡ್ಡಿ ಯಾವುದೂ ಬೇಡ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ತಾಗಿದ ಹಾಗೆ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಲೈಮ್ ದಾಟಿಸುವುದಕ್ಕೆ ಆ ಉಣುಗು ಸಾಮಾನ್ಯವಾಗಿ 36 ಗಂಟೆಗಿಂತ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು. ದಿನವೂ ಸ್ನಾನದ ಹೊತ್ತಿಗೆ ಮೊಣಕಾಲಿನ ಹಿಂದೆ, ತೊಡೆಸಂದಿಯಲ್ಲಿ, ಕಂಕುಳಲ್ಲಿ, ಕೂದಲಿನ ಅಂಚಿನಲ್ಲಿ ಕೈಯಾಡಿಸಿ ನೋಡಿಕೊಂಡರೆ ಸಮಯ ನಮ್ಮ ಕಡೆಗೇ ಇರುತ್ತದೆ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಬೇರೆಯವರಿಗೆ ಮುಂಜಾಗ್ರತೆಯಾಗಿ ಕೊಡುವ ಒಂದೇ ಗುಳಿಗೆ ಡಾಕ್ಸಿಸೈಕ್ಲಿನ್ ಆಗಿರುವುದರಿಂದ, ಗರ್ಭಿಣಿಯರಲ್ಲಿ ಬಹುಪಾಲು ಸಂದರ್ಭಗಳಲ್ಲಿ ಮೂವತ್ತು ದಿನ ಎಚ್ಚರದಿಂದ ಚರ್ಮ ಮತ್ತು ಜ್ವರವನ್ನು ಗಮನಿಸುತ್ತಾರೆ.

ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು. ನಮ್ಮೂರಿನ ಬಸುರಿಗೆ ಸೊಪ್ಪಿನ ಬೆಟ್ಟಕ್ಕೆ ಹೋಗಿಬಂದ ಮೇಲೆ ಜ್ವರ ಬಂದರೆ ಲೈಮ್ ಎಂದು ಹೆಸರಿಡುತ್ತ ಕೂರಬೇಡಿ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯನ್ನೂ, ಮೈಮೇಲೆ ಸುಟ್ಟ ಗಾಯದಂತಹ ಕಪ್ಪು ಹಕ್ಕಳೆ ಕಂಡರೆ ಸ್ಕ್ರಬ್ ಟೈಫಸ್ ಎಂಬ ಜ್ವರವನ್ನೂ ಮೊದಲು ಯೋಚಿಸಿ, ಅದೇ ದಿನ ಆಸ್ಪತ್ರೆಗೆ ಕಳುಹಿಸಿ.

ಬಾಣಂತನಕ್ಕೆಂದು ವಿಮಾನ ಹತ್ತುವ ತಾಯಂದಿರು ಕೇಳುವ ಕೊನೆಯ ಪ್ರಶ್ನೆ ಹಾಲಿನದ್ದು. ಎದೆಹಾಲಿನಿಂದ ಮಗುವಿಗೆ ಲೈಮ್ ಬಂದ ವರದಿಯಿಲ್ಲ, ಅಮಾಕ್ಸಿಸಿಲಿನ್ ನುಂಗುತ್ತಲೇ ಹಾಲೂಡಿಸಬಹುದು. ಬಸಿರಿನಲ್ಲಿ ಲೈಮ್ ಆಗಿತ್ತು, ಇಂಥ ದಿನದಿಂದ ಇಂಥ ದಿನದವರೆಗೆ ಈ ಮಾತ್ರೆ ತೆಗೆದುಕೊಂಡಿದ್ದಳು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಕ್ಕಳ ವೈದ್ಯರ ಕೈಗೆ ಕೊಡಿ. ನಾನು ಹೇಳಿದ ಆ ಹುಡುಗಿ ಹದಿನಾಲ್ಕೂ ದಿನದ ಗುಳಿಗೆ ಮುಗಿಸಿದಳು. ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಕಳೆದ ಬೇಸಿಗೆಯಲ್ಲಿ ಅಜ್ಜಿಯ ಜೊತೆ ನನ್ನ ಕೋಣೆಗೆ ಬಂದಾಗ ಅದು ಮೇಜಿನ ಮೇಲಿದ್ದ ನೀಲಿ ಪೆನ್ನು ಎತ್ತಿಕೊಂಡು ತನ್ನ ಅಂಗೈ ಮೇಲೆ ಗೆರೆ ಎಳೆಯುತ್ತ ಕೂತಿತ್ತು.